ಒಂದೇ ಪಾಚಿಯ ಎರಡು ವಂಶ

ಗುರುವಾರ, ಮಧ್ಯಾಹ್ನ

ನನ್ನ ಮುದ್ದು ಅಮ್ಮ,

ಕೂತು ಓದು, ನಿಂತುಕೊಂಡು ಓದಬೇಡ. ನಾನು ಗೆದ್ದೆ!

ಈ ಸಲದ ಮಾದರಿಯೂ ಕೆಟ್ಟರೆ ಕೆಲಸ ಬಿಟ್ಟು, ಪಾಪುವನ್ನೆತ್ತಿಕೊಂಡು ನಿನ್ನ ಹತ್ತಿರ ಬಂದುಬಿಡುತ್ತೇನೆ ಎಂದಿದ್ದೆನಲ್ಲ, ಅದು ಕೆಟ್ಟೇಹೋಗಿತ್ತು. ನಿನಗೆ ತಿಳಿಸಿರಲಿಲ್ಲ. ನನ್ನ ಹುಳುಗಳು ಗೊತ್ತಲ್ಲ, ಒದ್ದೆ ಪಾಚಿಯಲ್ಲಿದ್ದು, ಮುಟ್ಟಿದರೆ ಹೊಟ್ಟೆಯಡಿಯ ಕವೆ ಒದ್ದು ಚಿಮ್ಮುವ ಬಿಳಿ ಚುಕ್ಕೆಗಳು, ಸಾಸಿವೆಗಿಂತ ಕಡೆ ಎಂದು ನೀನು ನಕ್ಕಿದ್ದೆಯಲ್ಲ, ಅವೇ. ಒಂದರಿಂದ ಸಿಗುವ ಡಿಎನ್‌ಎ ಸಾಲದೆಂದು, ನೋಡಲು ಒಂದೇ ಥರ ಇದ್ದ ನಾಲ್ಕನ್ನು ಒಟ್ಟಿಗೆ ಅರೆದಿದ್ದೆ. ನಾವು ಓದುವುದು ಮೈಟೋಕಾಂಡ್ರಿಯದ ಡಿಎನ್‌ಎ. ಅದು ತಾಯಿಯಿಂದಷ್ಟೇ ಮಕ್ಕಳಿಗೆ ಇಳಿಯುತ್ತದೆ, ಯಾರು ಯಾರಿಗೆ ಎಷ್ಟು ಹತ್ತಿರದ ನೆಂಟರೆಂದು ಹೇಳುತ್ತದೆ. ಒಂದೇ ವಂಶದ ಡಿಎನ್‌ಎ ಬರಬೇಕಾದಲ್ಲಿ ಎರಡು ವಂಶದವು ಬಂದವು, ಒಂದಕ್ಕೊಂದು ಗುರುತೇ ಇಲ್ಲದಂಥವು.

ನಮ್ಮ ಮೇಷ್ಟ್ರು ಕನ್ನಡಕ ಹಣೆಗೇರಿಸಿ, ನಿದ್ದೆಗಣ್ಣಲ್ಲಿ ಪಕ್ಕದ ಟ್ಯೂಬಿನದು ಬೆರೆಸಿದ್ದೀಯ, ನಾವು ಬರೆಯುತ್ತಿರುವ ಹುಳುಗಳ ವಂಶವೃಕ್ಷದಿಂದ ಇದನ್ನು ತೆಗೆದುಬಿಡೋಣ ಎಂದರು. ನನಗೂ ಹೌದೆನ್ನಿಸಿತು. ಹಿಂದಿನ ದಿನವಷ್ಟೇ ಹಾಲಿನ ಪುಡಿಯನ್ನು ಬಟ್ಟೆ ನೆನೆಸಿದ ಬಕೆಟ್ಟಿಗೆ ಸುರಿದವಳು ನಾನು.

ಆದರೂ ಮನಸ್ಸು ಒಪ್ಪಲಿಲ್ಲ. ನಿನ್ನ ಅಳಿಯ ಪಾಪುವನ್ನು ಎದೆಗೆ ಕಟ್ಟಿಕೊಂಡು ಲ್ಯಾಬಿನ ಕಾರಿಡಾರಿನಲ್ಲಿ ಗಸ್ತು ತಿರುಗುತ್ತಿದ್ದರೆ, ನಾನು ಅದೇ ಪಾಚಿಯಿಂದ ಹೊಸ ಹುಳು ಹಿಡಿದು ಒಂದೊಂದನ್ನೂ ಬೇರೆ ಬೇರೆ ಟ್ಯೂಬಿಗೆ ಬಿಟ್ಟೆ. ಈ ಸಲ ಅರೆಯಲಿಲ್ಲ. ಒಳಗಿನದನ್ನಷ್ಟೇ ದ್ರವದಲ್ಲಿ ಕರಗಿಸಿ ಚರ್ಮ ಉಳಿಸಿಕೊಂಡೆ, ಸಿಕ್ಕ ಚೂರು ಡಿಎನ್‌ಎಯನ್ನೇ ಸಾಲುವಷ್ಟು ಸಲ ನಕಲು ಮಾಡಿಸಿದೆ.

ಇವತ್ತು ಬೆಳಿಗ್ಗೆ ಫಲಿತಾಂಶ ಬಂತು. ಪ್ರತಿ ಹುಳುವಿನಲ್ಲೂ ಒಂದೊಂದೇ. ಆದರೆ ವಂಶವೃಕ್ಷದಲ್ಲಿ ಕೆಲವು ಈ ಕೊಂಬೆಯವು, ಕೆಲವು ಎಲ್ಲೋ ದೂರದ ಕೊಂಬೆಯವು. ಉಳಿಸಿದ ಚರ್ಮವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ದೂರದವುಗಳ ಕಾಲಿನ ಉಗುರಿಗೆ ಗರಗಸದಂಥ ಒಂದು ಹಲ್ಲು ಹೆಚ್ಚಿಗಿದೆ, ಅಮ್ಮ. ಅವಳಿ ಎಂದುಕೊಂಡವು ಹತ್ತಿರದ ನೆಂಟರೂ ಅಲ್ಲ, ಬರೀ ಅಕ್ಕಪಕ್ಕದ ಮನೆಯವರು.

ಮೇಷ್ಟ್ರು ಇಣುಕಿ, ಕನ್ನಡಕ ಒರೆಸಿ, ಮತ್ತೆ ಇಣುಕಿದರು. ಆಮೇಲೆ, "ನಿದ್ದೆಗಣ್ಣು ನಂದು ಕಣಮ್ಮ. ಇದನ್ನ ತೆಗೆಯೋದಲ್ಲ, ಇದರ ಮೇಲೇ ಪ್ರಬಂಧ ಬರಿ" ಅಂದರು. ನಾನು ಅತ್ತೆ. ಪಾಪುವೂ ಅತ್ತಳು. ನಿನ್ನ ಅಳಿಯ ಯಾರನ್ನು ಮೊದಲು ಸಮಾಧಾನ ಮಾಡುವುದೆಂದು ತಿಳಿಯದೆ ಟೀ ತರಲು ಹೋದರು.

ಹಿಗ್ಗಿ ಹೀರೇಕಾಯಿಯಾಗಿರುವ
ನಿನ್ನ ಮಗಳು

ಮರೆತಿದ್ದೆ: ನಾನು ಬರುವುದಿಲ್ಲ, ನೀನೇ ಬಾ. ಪಾಪು ಮಲಗಿದಾಗಲೆಲ್ಲ ಉಸಿರಾಡುತ್ತಿದ್ದಾಳೋ ಎಂದು ಅವಳ ಮೂಗಿನ ಮುಂದೆ ಬೆರಳು ಹಿಡಿದು ಕೂರುತ್ತಿದ್ದೆ, ಯಾರಿಗೂ ಹೇಳಿರಲಿಲ್ಲ. ಈಗ ಪಕ್ಕದಲ್ಲೇ ಮಲಗಿದ್ದಾಳೆ. ಇಷ್ಟು ಬರೆದು ಮುಗಿಸುವವರೆಗೂ ಒಮ್ಮೆಯೂ ಬೆರಳು ಹಿಡಿಯಲಿಲ್ಲ. ಗೊರಕೆ ಕೇಳಿಸುತ್ತಿದೆ, ಥೇಟ್ ನಿನ್ನದೇ.