ಕಾಲಿನ ಜೋಮಿಗೆ ಕಣ್ಣಿನ ಫೋಟೊ

ಹಾಲವ್ವಾ,

ನಿನ್ನನ್ನು ಮಣ್ಣು ಮಾಡಿ ಬಂದ ಮೇಲೂ ದವಾಖಾನೆಯವರ ಮೇಲಿನ ನನ್ನ ಅನುಮಾನ ಹೋಗಿಲ್ಲ. ಇವತ್ತು ನನ್ನ ತಂಗಿ, ನಿನ್ನ ನಾದಿನಿ ಶಿವಲೀಲಾಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದೆ. ಅವಳಿಗೂ ನಿನ್ನದೇ ಕ್ಯಾನ್ಸರ್, ನಿನಗೆ ಕೊಟ್ಟಂಥದೇ ಕಿಮೊ. ಕಾಲುಗಳು ಜೋಮು ಹಿಡಿದಿವೆ ಎಂದು ಅವಳು ಹೇಳಿದರೆ, ಡಾಕ್ಟರಮ್ಮ ಕಣ್ಣಿನ ಫೋಟೊ ತೆಗೆಯಬೇಕೆಂದರು.

"ಕಾಲಿಗೂ ಕಣ್ಣಿಗೂ ಏನ್ ಸಂಬಂಧರಿ? ಯಾರಿಗೆ ಹೇಳ್ತೀರಿ ಇದನ್ನ?" ಎಂದೆ.

"ಈ ಔಷಧ ನರ ಹಾಳ ಮಾಡತೈತ್ರಿ. ಕಾಲಿನ ನರ ಹೊರಗ ಕಾಣಂಗಿಲ್ಲ. ಕಣ್ಣಿನ ಮುಂದಿನ ತೆಳು ಪರದೆದಾಗ ಅಂಥವ ಸಣ್ಣ ನರ ಕಾಣ್ತಾವು, ಅವೂ ಹಿಂಗ ಹಾಳಾಗತಾವು. ಇತ್ತೀಚೆಗೆ ಹಿಂಗ ನೋಡಾಕತ್ತೇವಿ."

ಚೀಲ ಚುಚ್ಚಿ ಗೋವಿನಜೋಳ ಅಂಗೈಗೆ ಹಾಕಿಕೊಳ್ಳದೆ ದರ ಹೇಳುವ ವ್ಯಾಪಾರಿಯಲ್ಲ ನಾನು, ನಿನಗೆ ಗೊತ್ತು. "ಮೊದಲ ನನ್ನ ಕಣ್ಣಿಂದು ತಗೀರಿ, ಆಮ್ಯಾಲೆ ನೋಡೂಣು" ಎಂದು ಹಟ ಹಿಡಿದೆ. ತೆಗೆದರು. ನನ್ನದರಲ್ಲಿ ನರಗಳು ಬಿಳಿ ನೂಲಿನಂತೆ ಒತ್ತಾಗಿದ್ದವು. ಶಿವಲೀಲಾಳದರಲ್ಲಿ ಅಲ್ಲೊಂದು ಇಲ್ಲೊಂದು, ಅವೂ ತುಂಡು ತುಂಡು. ಮಷಿನ್ನೇ ಕೆಟ್ಟಿರಬೇಕೆಂದು ಮತ್ತೊಮ್ಮೆ ತೆಗೆಸಿದೆ. ಅದೇ ಬಂತು.

ವಾಪಸ್ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಶಿವಲೀಲಾ ಒಂದೇ ಚಪ್ಪಲಿಯಲ್ಲಿ ನಡೆಯುತ್ತಿದ್ದಳು. ಇನ್ನೊಂದು ಹಿಂದೆಲ್ಲೋ ಬಿದ್ದಿತ್ತು.

"ಜಾರಿದ್ದು ನನಗ ಗೊತ್ತ ಆಗ್ಲಿಲ್ಲೋ ಅಣ್ಣಾ," ಎಂದಳು.

ಶಿಗ್ಗಾಂವದ ಬಸ್‌ಸ್ಟ್ಯಾಂಡಿನಲ್ಲಿ ನೀನೂ ಇದೇ ಮಾತು ಹೇಳಿದ್ದೆ. "ಸಾಕ್ ಮಾಡ ನಿನ್ನ ನಾಟಕ" ಎಂದು ನಾನು ಬಸ್ ಹತ್ತಿ ಕುಳಿತಿದ್ದೆ.

ಇವತ್ತು ಬಸ್ಸು ನಮ್ಮನ್ನು ಬಿಟ್ಟೇ ಹೋಯಿತು, ಹಾಲವ್ವಾ. ನಾನು ಬಿದ್ದ ಚಪ್ಪಲಿ ಹುಡುಕಿ ತಂದು, ನೆಲಕ್ಕೆ ಕುಳಿತು ಅವಳ ಕಾಲಿಗೆ ಹಾಕುತ್ತಿದ್ದೆ.