ಒಂದೇ ಖಾತೆಯ ಮನೆ

ಕೊಳಾಲ
10 ಆಗಸ್ಟ್ 2025, ಭಾನುವಾರ

ಮಗಳೇ ಶರಣ್ಯಾ, ಜೈಭೀಮ್.

ನೀನು ಮುನಿಸಿಕೊಂಡು ಬರಗೂರಿನ ಬಾಡಿಗೆ ಕೋಣೆಗೆ ಹೊರಟುಹೋದ ಮೇಲೆ, ಬರೆಯಬೇಕು ಬರೆಯಬೇಕು ಅಂದುಕೊಳ್ಳುತ್ತಲೇ ತಡವಾಯಿತು. ಕಾಗದ ಬರೆಯುವ ರೂಢಿಯೇ ತಪ್ಪಿ ಹೋಗಿದೆ, ಬೈಯಬೇಡ. ನೀನು ಫೋನ್ ಆರಿಸಿಟ್ಟಿದ್ದೀಯ, ಅದಕ್ಕೇ ಅಂಚೆ. ಶಾಲೆಯಲ್ಲಿ ಮಕ್ಕಳು ನಿನ್ನ ಮಾತು ಕೇಳುತ್ತವಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ?

"ನಾನೇನು ನಿಮ್ ಸಂಘದ ಕರಪತ್ರನಾ ಅಪ್ಪ?" ಅಂತ ಕೇಳಿ ಹೋದೆಯಲ್ಲ, ಆ ಮಾತು ಇನ್ನೂ ನಡುಮನೆಯಲ್ಲೇ ಕೂತಿದೆ. ಸರಿಯಾಗೇ ಕೇಳಿದೆ.

ನಿಮ್ಮಪ್ಪ, ಹೋಟೆಲಿನವನು ನಮ್ಮವರಿಗೆಂದು ಹೊರಗಿಟ್ಟಿದ್ದ ಬೇರೆ ಲೋಟವನ್ನು ಚರಂಡಿಗೆಸೆದು ಒದೆ ತಿಂದ ಮನುಷ್ಯ. "ನನ್ ಮನೇಲಿ ಬ್ಯಾರೆ ಅನ್ನೋ ಮಾತೇ ಇರಕೂಡ್ದು" ಎಂದು ನಮ್ಮೆಲ್ಲರ ಫೋನಿಗೂ ಟ್ಯಾಬಿಗೂ ಒಂದೇ ಖಾತೆ ಮಾಡಿಸಿದರು. ಒಬ್ಬರು ಇಳಿಸಿಕೊಂಡ ಆ್ಯಪ್ ಎಲ್ಲರಿಗೂ ಇಳಿಯುತ್ತಿತ್ತು. ಅವರ ಬುದ್ಧವಂದನೆ ನಸುಕಿಗೇ ನಿನ್ನ ದಿಂಬಿನ ಕೆಳಗೆ ಮೊಳಗುತ್ತಿತ್ತು. ನಿನ್ನ ಮುಟ್ಟಿನ ದಿನ ನೆನಪಿಸುವ ಆ್ಯಪ್ ಅವರ ಫೋನಿಗೆ ಬಂದಾಗ ನನ್ನನ್ನು ಕೂಗಿ, "ಮಾರಿ, ನಂಗೆ ನಾಳಿಕ್ಕೆ ಬತ್ತದಂತೆ ಕಣೇ, ಏನೇ ಅದು ಬರಾದು?" ಅಂದಿದ್ದರು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆವತ್ತೇ ನಗು ನಿಲ್ಲಿಸಿ ಯೋಚಿಸಬೇಕಿತ್ತು.

"ನಮ್ಮನೇಲಿ ನಾನೇ ಹೇಳ್ತೀನಿ, ಅಲ್ಲೀತಂಕ ನಮ್ ವಿಷ್ಯ ಯಾರ್ಗೂ ಬೇಡ" ಎಂದು ಪರಮೇಶ್ ನಿನಗೆ ಬರೆದದ್ದು ಟ್ಯಾಬಿನ ಮೇಲೆ ಬಂದಾಗ ನಮ್ಮ ನಡುಮನೆಯಲ್ಲಿ ಸಂಘದವರು ಕೂತಿದ್ದರು. ಲಿಂಗಾಯತರ ಹುಡುಗ ನಮ್ಮ ಮಗಳನ್ನು ಮೆಚ್ಚಿದ್ದಾನೆಂಬ ಹಿಗ್ಗಿನಲ್ಲಿ ಇವರು ಗಟ್ಟಿಯಾಗಿ ಓದಿಬಿಟ್ಟರು. ಚಪ್ಪಾಳೆಯೂ ಬಿತ್ತು. ಸಂಜೆಯೊಳಗೆ ಸುದ್ದಿ ಮಧುಗಿರಿಯಲ್ಲಿರುವ ಹುಡುಗನ ಮನೆಯವರ ಅಂಗಡಿ ಮುಟ್ಟಿತು. ಹುಡುಗ ಬಾಯಿ ತೆರೆಯುವ ಮೊದಲೇ ಅವನಪ್ಪ ಚನ್ನಮಲ್ಲಯ್ಯ ಬಾಗಿಲು ಹಾಕಿದ. ಜಾತಿಯ ಕೊಬ್ಬು ಅವನದು. ಆದರೆ ನಿನ್ನ ಗುಟ್ಟನ್ನು ಅವನ ಕೈಗೆ ಕೊಟ್ಟದ್ದು ಈ ಮನೆ.

ಮೊನ್ನೆ ನಾನು ಟ್ಯಾಬನ್ನೂ ನಮ್ಮಿಬ್ಬರ ಫೋನನ್ನೂ ಎತ್ತಿಕೊಂಡು ಕೊರಟಗೆರೆಯ ಮೊಬೈಲ್ ಅಂಗಡಿಯ ಚೈತ್ರಳ ಹತ್ತಿರ ಹೊರಟೆ. ನಿಮ್ಮಪ್ಪ ಬಸ್‌ಸ್ಟಾಂಡಿನವರೆಗೂ ಕೂಗಾಡಿಕೊಂಡು ಹಿಂದೆಯೇ ಬಂದರು.

"ಬ್ಯಾರೆ ಲೋಟ ಎಸ್ದೋನ ಮನೇಲಿ ಬ್ಯಾರೆ ಖಾತೆನಾ?"

"ಅವ್ರು ಲೋಟ ಬ್ಯಾರೆ ಮಡಗಿದ್ದು ನಮ್ಮನ್ನ ದೂರ ಇಕ್ಕಾಕೆ. ಮಗ್ಳು ಖಾತೆ ಬ್ಯಾರೆ ಕೇಳೋದು ಉಸ್ರಾಡಾಕೆ. ಎಲ್ಡೂ ಒಂದೇನಾ? ಇಷ್ಟು ವರ್ಷ ಭಾಷಣ ಮಾಡಿ ಇದೇನಾ ಕಲ್ತಿದ್ದು?"

ಬಸ್ಸು ಬಂತು. ಅವರೂ ಹತ್ತಿದರು.

ಅಂಗಡಿಯಲ್ಲಿ ಚೈತ್ರ, "ಹೊಸ ಪಾಸ್‌ವರ್ಡ್ ಒತ್ತಿ" ಅಂದಳು. "ನನ್ದು ಇವ್ಳಿಗೂ ಹೇಳಂಗಿಲ್ವಾ?" ಅಂದರು ನನ್ನ ಕಡೆ ತೋರಿಸಿ. "ಹೇಳಂಗಿಲ್ಲ ಕಣಣ್ಣ." ನಿಮ್ಮಪ್ಪ ನೀಲಿ ಟವೆಲ್ಲನ್ನು ತಲೆ ಮೇಲೆ ಹೊದ್ದುಕೊಂಡು ಒಳಗೇ ಒತ್ತಿದರು. ಮನೆಗೆ ಬರುವಷ್ಟರಲ್ಲಿ ಅದನ್ನು ಮರೆತೇಬಿಟ್ಟಿದ್ದರು! ಟ್ಯಾಬಿನಲ್ಲಿ ಈಗ ಯಾರ ಮಾತೂ ಬರುವುದಿಲ್ಲ, ಬರೀ ವಾರ್ತೆ.

ಬಾಕಿ ಇರುವುದು ನಿನ್ನ ಫೋನು. ಮೊದಲು ಅದರಲ್ಲಿರುವ ಫೋಟೋಗಳನ್ನು ಬೇರೆ ಕಡೆ ಉಳಿಸಿಟ್ಟುಕೋ, ಆಮೇಲೆ ಹಳೇ ಖಾತೆಯಿಂದ ಹೊರಗೆ ಬಂದು ನಿನ್ನದೇ ಒಂದು ಮಾಡಿಕೋ ಅಂದಳು ಚೈತ್ರ. ಪಾಸ್‌ವರ್ಡ್ ನನಗೂ ಹೇಳಬೇಡ.

ವಾಪಸು ಬರುವಾಗ ಪರಮೇಶ್ ಸಿಕ್ಕಿದ, ಸೊರಗಿದ್ದಾನೆ. "ಅಮ್ಮಾ, ನಾನ್ ಈಗ ಅವ್ಳಿಗೆ ಬರುದ್ರೆ ಎಷ್ಟ್ ಜನ ಓದ್ತಾರೆ?" ಎಂದ. ನನಗೆ ಮುಖ ಎತ್ತಲಾಗಲಿಲ್ಲ. "ಅವ್ಳು ಖಾತೆ ಬದಲಾಯಿಸ್ಲಿ, ಆಮೇಲೆ ಒಬ್ಳೇ ಕಣಪ್ಪ" ಅಂದೆ. ನೀನು ಅವನನ್ನು ಒಪ್ಪು, ಬಿಡು, ಕಾಯಿಸು. ನಮಗೆ ಹೇಳಬೇಕು ಅನಿಸಿದಾಗ ಹೇಳು, ಅನಿಸದಿದ್ದರೆ ಬೇಡ.

ತಲೆ ಎತ್ತಿ ಬಾಳು ಕಂದ. ನಿನ್ನ ಮಾತು ನಿನ್ನದಾಗಿರಲಿ.

ನಿನ್ನ ಅವ್ವ,
ಮಾರಕ್ಕ

ತಾ.ಕ.: ಮದುವೆಗೆ ಮುಂಚೆ ನಿಮ್ಮಪ್ಪನಿಗೆ ನಾನೊಂದು ಪತ್ರ ಬರೆದಿದ್ದೆ. ಧಣಿಯ ಕೊಟ್ಟಿಗೆಯಲ್ಲಿ ನಮ್ಮವ್ವನಿಗೆ ಆದದ್ದನ್ನು, ಅವರೊಬ್ಬರಿಗೇ ಅಂತ. ಅವರು ಅದನ್ನು ಪಾವಗಡದ ಸಭೆಯಲ್ಲಿ ಓದಿದರು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ನಮ್ಮವ್ವ ಕೊನೆಯ ಸಾಲಿನಲ್ಲಿ ಕೂತಿದ್ದಳು. ಆಮೇಲೆ ನಾನು ಯಾರಿಗಾದರೂ ಬರೆದ ಮೊದಲ ಕಾಗದ ಇದು.