ಎಡಗಡೆಯ ಬಾಗಿಲು

೧೪ ಜೂನ್ ೨೦೧೪, ಶನಿವಾರ. ಸಟನ್ ಕೋಲ್ಡ್‌ಫೀಲ್ಡ್, ಇಂಗ್ಲೆಂಡ್

ಮಸ್ಟಾಂಗೋ ಚಾಲೆಂಜರೋ, ಇನ್ನೂ ತೀರ್ಮಾನವಾಗಿಲ್ಲ. ಎರಡೂ ಅಮೆರಿಕದಿಂದ ಬಂದ ಸೆಕೆಂಡ್ ಹ್ಯಾಂಡ್ ಕಾರುಗಳು. ಮಸ್ಟಾಂಗ್‌ಗೆ ಮುನ್ನೂರು ಕುದುರೆಗಳ ಬಲ. ಚಾಲೆಂಜರ್‌ಗೆ ಇನ್ನೂ ಎಪ್ಪತ್ತು ಹೆಚ್ಚು, ಆದರೆ ಎಮ್ಮೆಯಂಥ ಮೈ. ಹಾಗಾಗಿ ಓಟದಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ. ವಾರವಿಡೀ ಕ್ಲಿನಿಕ್ಕಿನಲ್ಲಿ ರೋಗಿಗಳ ನಡುವೆಯೂ ಇದೇ ಗುಂಗು.

ಇವತ್ತು ನೋಡಲು ಹೋದಾಗ ನನ್ನ ಹೆಂಡತಿ ಶರ್ವಾಣಿಯೂ ಬಂದಳು. ಮೋಟಾರ್‌ವೇಯಲ್ಲಿ ಆದ ಒಂದು ಅಪಘಾತದ ನಂತರ, ಮೂರು ವರ್ಷದಿಂದ, ಅವಳು ಸ್ಟಿಯರಿಂಗ್ ಮುಟ್ಟಿಲ್ಲ. ಮಸ್ಟಾಂಗ್ ಹತ್ತುವಾಗ ಅಭ್ಯಾಸಬಲದಿಂದ ನಾನು ಬಲಗಡೆಯ ಬಾಗಿಲಿಗೆ ಹೋದೆ, ಅವಳು ಎಡಗಡೆಯದಕ್ಕೆ. ಕುದುರೆಬಲವೆಲ್ಲ ಬಾಯಿಪಾಠವಿದ್ದ ನನಗೆ ಅಮೆರಿಕದ ಕಾರಿಗೆ ಸ್ಟಿಯರಿಂಗ್ ಎಡಕ್ಕೆಂಬುದೇ ಮರೆತಿತ್ತು!

"ಅಯ್ಯೋ, ಇದೇನ್ರೀ, ನನ್ನ ಮುಂದಿದೆ!" ಎಂದು ನಕ್ಕಳು. ಇಳಿಯಲಿಲ್ಲ. ಎರಡೂ ಕೈ ಮೆಲ್ಲಗೆ ಅದರ ಮೇಲಿಟ್ಟು, ಗಾಜಿನಾಚೆಯ ಬಿಸಿಲನ್ನು ಕನಸಿನಲ್ಲಿರುವವಳಂತೆ ನೋಡುತ್ತ ಕೂತಳು.

ಯಾವ ಕಾರು ಮೇಲೋ, ಈಗಲೂ ತಿಳಿಯದು. ಕಣ್ಣು ಮುಚ್ಚಿದರೆ ಅದೊಂದೇ ಗಳಿಗೆ ತೇಲಿ ಬರುತ್ತಿದೆ. ಮಸ್ಟಾಂಗ್‌ನಿಂದ ಇಳಿದು ಚಾಲೆಂಜರ್ ಬಳಿ ಹೋದಾಗ ಸ್ಟಿಯರಿಂಗ್ ಎಲ್ಲಿದೆಯೆಂದು ಇಬ್ಬರಿಗೂ ಗೊತ್ತಿತ್ತು. ನಾನು ಎಡಕ್ಕೆ ಹೊರಟೆ.

"ಅಲ್ಲಿ ನಾನು ಕೂತ್ಕೋತೀನಿ ರೀ," ಎಂದಳು.